ಗಟ್ಟಿ ಸಾರು

ಜನವರಿ 12, ಸೋಮವಾರ. ಬೆಳಿಗ್ಗೆ 10

ಮೂಳೆ ಒಲೆಯ ಮೇಲಿದೆ. ಸಣ್ಣ ಉರಿ. ಇನ್ನೂ ಎರಡು ಗಂಟೆ ಕುದಿಯಬೇಕು. ಸಿಲಿಂಡರ್ ಎಷ್ಟು ದಿನ ಬರುತ್ತೋ ದೇವರೇ ಬಲ್ಲ.

ಒಣ ಬಟಾಣಿ ನಿನ್ನೆಯೇ ನೆನೆಹಾಕಿದ್ದೆ, ಚೆನ್ನಾಗಿ ಉಬ್ಬಿದೆ. ಎಲೆಕೋಸಿನ ಹೊರಗಿನ ಎಲೆ ಮಾರ್ಕೆಟ್ಟಿನಲ್ಲಿ ಬಿಟ್ಟಿ. ಉಳಿದ ಹೆಂಗಸರು ಅದನ್ನು ಕಿತ್ತೆಸೆದು ಒಳಗಿನ ಬಿಳಿ ಗಡ್ಡೆ ಕೊಳ್ಳುತ್ತಾರೆ, ನಾನು ಎಸೆದದ್ದನ್ನು ಚೀಲಕ್ಕೆ ತುರುಕುತ್ತೇನೆ. ಮೂಳೆ ಎದುರಿನ ಮಾಂಸದ ಅಂಗಡಿಯದು. ನಾಯಿಗೆ ಅಂತ ಕೇಳಿ ತರುತ್ತೇನೆ. ನಮ್ಮ ಮನೆಯಲ್ಲಿ ನಾಯಿ ಇಲ್ಲ.

ಡಿಪೋದಲ್ಲಿ ಲೋಡು ಕಡಿಮೆ ಅಂತ ಅವನಿಗೆ ಕೂಲಿ ಅರ್ಧ ಮಾಡಿದ್ದಾರೆ. ಹೊಟ್ಟೆ ಮಾತ್ರ ಮೊದಲಿನಷ್ಟೇ ಇದೆ. ಎರಡೂವರೆಗೆ ಬರುತ್ತಾನೆ, ಮೂರಕ್ಕೆ ತಟ್ಟೆ ಮುಂದಿರಬೇಕು. ಬಿಸಿ ಇರಬೇಕು. ಗಟ್ಟಿ ಇರಬೇಕು.

ಅದೇ ದಿನ, 4:30

ಎರಡು ಬೋಗುಣಿ ತಿಂದ. ಮಲಗಿದ್ದಾನೆ. ಗೊರಕೆ ಇಲ್ಲಿಗೆ ಕೇಳುತ್ತೆ. ಇವತ್ತು ಏನಿಲ್ಲ.

ಜನವರಿ 13, ಮಂಗಳವಾರ

ಈ ಪುಸ್ತಕ ಹಿಟ್ಟಿನ ಡಬ್ಬದ ತಳದಲ್ಲಿಡುತ್ತೇನೆ, ಪ್ಲಾಸ್ಟಿಕ್ ಸುತ್ತಿ. ಅವನು ಹಿಟ್ಟಿನ ಡಬ್ಬಕ್ಕೆ ಕೈ ಹಾಕುವವನಲ್ಲ. ಎದುರಿಗೆ ‘ರೀ’ ಅನ್ನುತ್ತೇನೆ, ‘ಬನ್ನಿ’, ‘ತಗೊಳ್ಳಿ’. ಇಲ್ಲಿ ‘ಅವನು’. ನಾಲ್ಕು ವರ್ಷದ ಸಂಸಾರದಲ್ಲಿ ನನ್ನದು ಅಂತ ಇರುವುದು ಈ ಏಕವಚನ ಒಂದೇ.

ಮದುವೆಯಾಗಿ ಬಂದ ವಾರ ನೆನಪಾಯಿತು. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು “ಗಟ್ಟಿ” ಅಂದರು. ನಾನು ಸಾರಿಗೆ ಒಂದು ಹಿಡಿ ಹಿಟ್ಟು ಕಲಸಿ ಹಾಕಿದೆ. ಮತ್ತೆ “ಗಟ್ಟಿ ಕಣೇ” ಅಂದರು. ಇನ್ನೊಂದು ಹಿಡಿ. ಮೂರನೇ ಸಲ ಅಂದಾಗ ಸೌಟು ಪಾತ್ರೆಯಲ್ಲಿ ತಾನೇ ನಿಂತುಕೊಂಡಿತ್ತು. ಆಮೇಲೆ ಗೊತ್ತಾಯಿತು — ನನ್ನ ಮಾತು ಕೇಳಿಸುತ್ತಿಲ್ಲ, ಗಟ್ಟಿಯಾಗಿ ಮಾತಾಡು ಅಂತ ಹೇಳುತ್ತಿದ್ದರು! ಎಡಗಿವಿ ಪೂರ್ತಿ ಹೋಗಿದೆ ಅವರಿಗೆ. ಮಾವ ಕೊಟ್ಟ ಉಡುಗೊರೆ, ಒಂದೇ ಏಟಿಗೆ. ಆ ದಿನ ಅತ್ತೆ ನಕ್ಕು ನಕ್ಕು ನೆಲಕ್ಕೆ ಕೂತರು. ಅವನು ಮಾತ್ರ ಆ ಅಂಟನ್ನು ಚಪ್ಪರಿಸಿ ತಿಂದು ಸಂಜೆವರೆಗೆ ಬಿದ್ದುಕೊಂಡ.

ಅತ್ತೆಯ ಲೆಕ್ಕಾಚಾರ ಅಲ್ಲಿಂದ ಶುರು. “ನೋಡು, ತಿಂದು ಮಲಗಿದ್ರೆ ಏಳಲ್ಲ ಅವನು. ಅವರಪ್ಪನೂ ಹಾಗೇ ಇದ್ರು. ಹೊಟ್ಟೆಗೆ ಭಾರ ಹಾಕು, ಅಷ್ಟೇ.”

ಹೊಡೆತ ಬಿದ್ದ ದಿನಕ್ಕೆ ಈ ಮನೆಯಲ್ಲಿ ಇನ್ನೊಂದು ಪದ್ಧತಿ. ನಾನು ಬಾಯಿ ತೆಗೆಯಬಾರದು. ಅತ್ತೆ ಅಡುಗೆಮನೆ ನಲ್ಲಿ ಪೂರ್ತಿ ತಿರುಗಿಸುತ್ತಾರೆ. ಕೆಳಗೆ ತಗಡಿನ ಬಕೆಟ್ಟು, ಅದರಲ್ಲಿ ನೀರು ಧೋ ಅನ್ನುತ್ತೆ. ಪಕ್ಕದ ಮನೆಗೆ ನೀರಿನ ಸದ್ದು ಬಿಟ್ಟು ಬೇರೇನೂ ಹೋಗಬಾರದು. ಅವರ ಅತ್ತೆ ಅವರಿಗೆ ಕಲಿಸಿದ್ದಂತೆ.

ಜನವರಿ 19, ಸೋಮವಾರ

ಎಂಟು ದಿನ. ಒಂದು ಏಟೂ ಇಲ್ಲ.

ಮೂಳೆಗೆ ಹೋಗಿದ್ದೆ. ಅಂಗಡಿಯವನು ಕತ್ತಿ ಒರೆಸುತ್ತಾ ಕೇಳಿದ, “ಏನಮ್ಮಾ, ನಿಮ್ಮ ನಾಯಿ ಹೇಗಿದೆ?” ಮೂಳೆಯಣ್ಣ ಅಂತ ನಾನಿಟ್ಟ ಹೆಸರು, ನಿಜವಾದ ಹೆಸರು ಕೇಳಿಲ್ಲ.

“ಚೆನ್ನಾಗಿದೆ. ತಿನ್ನುತ್ತೆ, ಮಲಗುತ್ತೆ.”

“ಬೊಗಳೋದೇ ಕೇಳಿಸಲ್ಲ?”

“ಬೊಗಳೋ ಜಾತಿ ಅಲ್ಲ ಅಣ್ಣಾ. ಕಚ್ಚೋ ಜಾತಿ.”

ನಗಲಿಲ್ಲ. ಮಜ್ಜೆ ತುಂಬಿದ ಎರಡು ನಲ್ಲಿಮೂಳೆ ಜಾಸ್ತಿ ಹಾಕಿ ಕಾಗದ ಸುತ್ತಿ ಕೊಟ್ಟ.

ಜನವರಿ 24, ಶನಿವಾರ. ಸಂಜೆ

ಹದಿಮೂರು ದಿನ! ಹೇಳಿಕೊಳ್ಳಬಾರದು, ಕೈ ಪಳಗಿದೆ ನನ್ನದು. ಬೇಕರಿಯ ಮೂರು ದಿನದ ಬ್ರೆಡ್ಡು ಹೆಚ್ಚು ಕಮ್ಮಿ ಪುಕ್ಕಟೆ. ಒಣಗಿಸಿ, ಕುಟ್ಟಿ, ಕೊಬ್ಬಿನಲ್ಲಿ ಹುರಿದು ಮೂಳೆ ನೀರಿಗೆ ಬಿಟ್ಟರೆ ಅರ್ಧ ಕೆಜಿ ಮಾಂಸ ಹಾಕಿದಷ್ಟು ಭಾರ. ಕೊಬ್ಬು ಬೇರೆ ಕೊಳ್ಳಬೇಕಿಲ್ಲ, ನಿನ್ನೆಯ ಸಾರು ಆರಿದಾಗ ಮೇಲೆ ಬಿಳಿಯಾಗಿ ಹೆಪ್ಪುಗಟ್ಟುತ್ತಲ್ಲ, ಅದೇ. ಆಲೂಗಡ್ಡೆ ಸಿಪ್ಪೆ ಸಮೇತ. ಕೋಸಿನ ದಂಟು ಸಣ್ಣಗೆ ಹೆಚ್ಚಿದರೆ ಬೆಂದು ಕರಗುತ್ತೆ. ಉಪ್ಪು ಕೊನೆಗೆ, ಮೊದಲೇ ಹಾಕಿದರೆ ಬಟಾಣಿ ಹಟ ಹಿಡಿಯುತ್ತೆ.

ಅತ್ತೆ ಮತ್ತು ನಾನು ತಳ ಕೆರೆದು ತಿಂದೆವು. ತಳದ್ದೇ ರುಚಿ ಅಂತ ಇಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳಿಕೊಂಡೆವು.

ಅವನು ಎದ್ದು ಒಲೆಯ ಉರಿ ತಿರುಗಿಸುವ ಗುಬುಟು ರಿಪೇರಿ ಮಾಡಿಕೊಟ್ಟ. ಕೇಳದೇನೇ. “ಕೈ ಸುಟ್ಕೋತೀಯ” ಅಂದ. ಇಂಥ ದಿನ ಬಂದರೆ ನನಗೆ ಖುಷಿಯಾಗುತ್ತೆ. ಆಮೇಲೆ ಆ ಖುಷಿಯ ಮೇಲೇ ಅಸಹ್ಯ.

ಜನವರಿ 27, ಮಂಗಳವಾರ. ಸಂಜೆ 5

ಬೇಕರಿಯವನು ಹಳೆ ಬ್ರೆಡ್ಡನ್ನು ಈಗ ಹಂದಿ ಸಾಕುವವರಿಗೆ ಕೊಡುತ್ತಾನಂತೆ, ಮೂಟೆಗಟ್ಟಲೆ. ಹಂದಿಗಳ ಅದೃಷ್ಟ. ಬಟಾಣಿಯೂ ಮುಗಿದಿತ್ತು. ಮೂಳೆ ನೀರಿಗೆ ಒಂದಿಷ್ಟು ಹಿಟ್ಟು ಕದಡಿ, ಎರಡು ಆಲೂಗಡ್ಡೆ ಹಾಕಿದೆ. ಹಿಟ್ಟು ಅಲ್ಲಲ್ಲಿ ಗಂಟುಗಟ್ಟಿತು.

ಚಮಚೆಯಲ್ಲಿ ಎತ್ತಿ ನೋಡಿದ. ಸುರಿದ. ಮತ್ತೆ ಎತ್ತಿದ, ಸುರಿದ.

“ಇದೇನಿದು?”

“ಇವತ್ತು ಒಂದಿನ ರೀ… ನಾಳೆ—”

“ಪಾತ್ರೆ ತೊಳೆದ ನೀರಾ?”

ಬೋಗುಣಿ ನನ್ನ ಕಡೆ ಬಂತು. ಮುಖಕ್ಕೆ ಅಡ್ಡ ಕೈ ಹಿಡಿದೆ. ಆಮೇಲೆ ಕುರ್ಚಿ. ಆಮೇಲೆ ಕಾಲು, ಬೂಟಿನ ಸಮೇತ, ಪಕ್ಕೆಗೆ. ಲೋಡು ಎತ್ತುವ ಕಾಲು. ನಲ್ಲಿ ಧೋ ಅನ್ನುತ್ತಿತ್ತು. ಸೆರಗು ಬಾಯಿಗೆ ತುರುಕಿಕೊಂಡಿದ್ದೆ.

ಬಕೆಟ್ಟು ತುಂಬಿ, ನೀರು ಚೆಲ್ಲಿ, ನಾನು ಬಿದ್ದಿದ್ದ ಜಾಗದವರೆಗೆ ಹರಿದು ಬಂತು. ಸುಟ್ಟ ಕೈಗೆ ತಣ್ಣಗಾಯಿತು.

ಜನವರಿ 30, ಶುಕ್ರವಾರ

ಮೊಳಕೈಯಿಂದ ಮಣಿಕಟ್ಟಿನವರೆಗೆ ಬೊಬ್ಬೆ. ಒಂದು ವಿಷಯ ತಿಳಿಯಿತು. ನೀರಾಗಿದ್ದ ಸಾರು ಜಾರಿ ಹೋಗಿತ್ತು, ಅಲ್ಲಿ ಬರೀ ಕೆಂಪು. ಹಿಟ್ಟಿನ ಗಂಟು ಕೂತ ಮೂರು ಕಡೆ ಮಾತ್ರ ಅಂಟಿಕೊಂಡು ಬೆಂದಿದೆ. ಒರೆಸಿದರೆ ಚರ್ಮವೂ ಜೊತೆಗೆ ಬಂತು. ಗಟ್ಟಿ ಇದ್ದಿದ್ದರೆ ಕೈ ಪೂರ್ತಿ ಹೋಗುತ್ತಿತ್ತು. ಇಷ್ಟು ದಿನ ಗಟ್ಟಿ ಮಾಡಿ ಬದುಕಿದೆ, ಆ ದಿನ ತೆಳ್ಳಗಿದ್ದಿದ್ದಕ್ಕೆ ಬದುಕಿದೆ.

ಮೂಳೆಯಣ್ಣ ಬ್ಯಾಂಡೇಜು ನೋಡಿದ. “ನಾಯಿ ಕಚ್ಚಿತಾ?”

“ಹೂಂ.”

“ಇಂಜೆಕ್ಷನ್ ಹಾಕಿಸಿಕೊಂಡ್ರಾ?”

“ಯಾರಿಗೆ ಅಣ್ಣಾ, ನನಗಾ ನಾಯಿಗಾ?”

ಅವನು ಕತ್ತಿ ಕೆಳಗಿಟ್ಟ. ರಸ್ತೆಯಾಚೆ ನಮ್ಮ ಅಡುಗೆಮನೆ ಕಿಟಕಿಯ ಕೆಳಗಿನ ಪೈಪು ತೋರಿಸಿದ. ಅದರ ನೀರು ಅವನ ಅಂಗಡಿ ಮುಂದಿನ ಚರಂಡಿಗೇ ಬೀಳುವುದು. “ಕೆಲವು ದಿನ ಮೂರು ಗಂಟೆ ಹೊತ್ತಿಗೆ ಕಾಲುಗಂಟೆ ಸುಮ್ನೆ ಹರೀತಿರುತ್ತೆ. ಅಷ್ಟು ಹೊತ್ತು ಯಾವ ಪಾತ್ರೆ ತೊಳೀತೀರಿ ನೀವು?”

ಮೂಳೆ ತೆಗೆದುಕೊಂಡು ಓಡಿ ಬಂದೆ. ಮೂರು ತಲೆಮಾರಿನ ಉಪಾಯ, ಚರಂಡಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹರಿಯುತ್ತಿತ್ತು.

ಫೆಬ್ರವರಿ 4, ಬುಧವಾರ. ಬೆಳಿಗ್ಗೆ 11

ಇವತ್ತಿನ ಸಾರು ನೋಡಿದರೆ ರಾಜರೂ ಸಾಲು ನಿಲ್ಲಬೇಕು. ಮೂಳೆಯಣ್ಣ ಕೊಟ್ಟ ಮೂಳೆಯಲ್ಲಿ ಮಾಂಸ ಇತ್ತು. ಅಂಟಿಕೊಂಡಿದ್ದಲ್ಲ, ಬಿಟ್ಟಿದ್ದು, ಬೇಕಂತಲೇ. ದಿನಸಿಯವಳು ಇಲಿ ಕಡಿದ ಮೂಟೆಯ ಬಾರ್ಲಿ ಬಿಟ್ಟಿ ಕೊಟ್ಟಳು. ನಾಲ್ಕು ಸಲ ತೊಳೆದೆ. ಬಟಾಣಿ ಇದೆ, ಗಜ್ಜರಿ ಇದೆ, ಈರುಳ್ಳಿ ಕಂದುಬಣ್ಣ ಬರುವವರೆಗೆ ಹುರಿದಿದ್ದೇನೆ. ಅತ್ತೆ ಮೂರು ಸಲ ಮುಚ್ಚಳ ತೆಗೆದು ಮೂಸಿದರು. “ಇವತ್ತು ಅವನು ನಾಳೆವರೆಗೂ ಏಳಲ್ಲ ಬಿಡು” ಅಂದರು.

ನಮಗೂ ಉಳಿಯುತ್ತೆ ಇವತ್ತು.

ಫೆಬ್ರವರಿ 11, ಬುಧವಾರ

ಎಡಗೈ ಬರಹ. ಕೋಳಿ ಕೆದರಿದ ಹಾಗಿದೆ.

ಮೂರು ಬೋಗುಣಿ ತಿಂದ ಅವತ್ತು. ಬೆವರು ಒರೆಸಿಕೊಂಡ. “ಚೆನ್ನಾಗಿದೆ” ಅಂದ. ನಾಲ್ಕು ವರ್ಷದಲ್ಲಿ ಮೊದಲ ಸಲ. ನಾನು ಹಲ್ಲು ಕಿರಿದೆ, ದಡ್ಡಿ.

“ಮಾಂಸ ಯಾರು ಕೊಟ್ರು?”

“ಮೂಳೆ ಜೊತೆ ಬಂತು ರೀ.”

“ಸುಮ್ಸುಮ್ನೆ ಬಂತಾ? ಏನು ಕೊಟ್ಟೆ ಅವನಿಗೆ?”

ಕೂಗಾಡಲಿಲ್ಲ. ಅವಸರವೂ ಇರಲಿಲ್ಲ. ಹೊಟ್ಟೆ ತುಂಬಿದವನ ಸಮಾಧಾನ. ಎದ್ದು ಬಂದು ನನ್ನ ಬಲಗೈ ಹಿಡಿದು ಬಾಗಿಲ ಸಂದಿಯಲ್ಲಿ, ತಿರುಗಣಿ ಇರುವ ಕಡೆ, ಬೆರಳು ಜೋಡಿಸಿಟ್ಟ. ಆಮೇಲೆ ಬಾಗಿಲು ಹಾಕಿದ. ಒಂದು ಸಲ ತೆಗೆದು ಇನ್ನೊಂದು ಸಲ ಹಾಕಿದ.

ಕೂಗಲಿಲ್ಲ ನಾನು. ನಲ್ಲಿ ಓಡುತ್ತಿತ್ತು. ಮೂಳೆ ಮುರಿಯುವ ಸದ್ದು ದಿನವೂ ಎದುರಂಗಡಿಯಿಂದ ಕೇಳುತ್ತೇನಲ್ಲ, ಅದೇ ಸದ್ದು.

ಎರಡು ಬೆರಳು ಹೋದವು. ಮರದ ಸೌಟಿನ ಹಿಡಿ ಕತ್ತರಿಸಿ ಅತ್ತೆ ಕಟ್ಟು ಹಾಕಿದ್ದಾರೆ. ಡಾಕ್ಟರ್ ಬೇಡವಂತೆ, ಅವನ ಅಪ್ಪಣೆ.

ವಾರವೆಲ್ಲ ಒಂದೇ ಯೋಚನೆ. ಆ ಬಾಗಿಲು ಎಳೆದ ಶಕ್ತಿ ಎಲ್ಲಿಂದ ಬಂತು? ಮೂರು ಬೋಗುಣಿ. ನಾನೇ ಬಡಿಸಿದ್ದು. ಇಲಿ ತಿಂದದ್ದು ಬಿಟ್ಟು ಆರಿಸಿ, ತೊಳೆದು, ಕುದಿಸಿ, ರುಚಿ ನೋಡಿ ಅವನ ತೋಳಿಗೆ ತುಂಬಿದ್ದು.

ಫೆಬ್ರವರಿ 12, ಗುರುವಾರ

ಅತ್ತೆಯನ್ನು ಕೇಳಿಯೇಬಿಟ್ಟೆ. ಬಲಗಿವಿಯ ಹತ್ತಿರ ಹೋಗಿ. “ಮಾವ ಹೊಡೆದು ನಿಮ್ಮ ಕಿವಿ ಹೋದ ದಿನ ಅವರು ಹಸಿದಿದ್ರಾ?”

ಆಲೂಗಡ್ಡೆ ಹೆಚ್ಚುತ್ತಿದ್ದವರು ನಿಲ್ಲಿಸಿದರು.

“ಇಲ್ಲ. ಹೊಟ್ಟೆ ತುಂಬ ತಿಂದಿದ್ರು.”

“ಹಾಗಾದ್ರೆ ಗೊತ್ತಿತ್ತು ನಿಮಗೆ.”

“ಗೊತ್ತಿತ್ತು.”

“ಮತ್ತೆ ನನಗ್ಯಾಕೆ ಹಾಗೆ ಹೇಳಿಕೊಟ್ರಿ? ನಾಲ್ಕು ವರ್ಷ!”

“ಏನಾದ್ರೂ ಮಾಡ್ತಿದ್ದೀನಿ ಅಂತ ಅನ್ನಿಸಬೇಕಲ್ಲ ಕಣೇ. ಸುಮ್ನೆ ಕೂತು ಮೂರು ಗಂಟೆ ಆಗೋದನ್ನ ಕಾಯೋಕಾಗುತ್ತಾ?”

ನನ್ನ ಬಾಯಿಂದ ಏನೇನು ಬಂತೋ. ಅವನು ನಿಮ್ಮ ಹೊಟ್ಟೆಯಲ್ಲೇ ಹುಟ್ಟಿದ್ದು ಅಂದೆ, ನಿಮ್ಮ ನಲ್ಲಿಗೆ ಬೆಂಕಿ ಹಾಕ ಅಂದೆ. ಅವರು ಎಡಗಿವಿ ನನ್ನ ಕಡೆ ತಿರುಗಿಸಿ ಕೂತರು. ಕೇಳಬಾರದು ಅನ್ನಿಸಿದಾಗ ಹಾಗೆ ಕೂರುತ್ತಾರೆ. ಕಣ್ಣಲ್ಲಿ ನೀರು ಮಾತ್ರ ಸುರಿಯುತ್ತಿತ್ತು. ಪಾಪ ಅನ್ನಿಸಲಿಲ್ಲ ನನಗೆ. ಬರೆಯುವಾಗ ಸ್ವಲ್ಪ ಅನ್ನಿಸುತ್ತಿದೆ.

ಫೆಬ್ರವರಿ 14, ಶನಿವಾರ

ಹೊರಗಿನಿಂದ ಬೀಗ. ಇನ್ನು ಮೇಲೆ ನಾನು ಅಂಗಡಿಗೆ ಹೋಗುವಂತಿಲ್ಲ. ಅತ್ತೆಯೂ. ಬೆಳಗಿನ ನಾಲ್ಕೂವರೆಗೆ ಜಡಿದುಕೊಂಡು ಹೋದರೆ ಮಧ್ಯಾಹ್ನ ಅವನೇ ಬಂದು ತೆಗೆಯಬೇಕು. ದಿನಸಿ ತರುತ್ತೀರಾ ಅಂತ ಕೇಳಿದ್ದಕ್ಕೆ “ಇರೋದ್ರಲ್ಲೇ ಮಾಡು, ಜಾಣೆ ಅಲ್ವಾ ನೀನು?” ಅಂದ.

ಇರುವುದು: ಒಂದು ಹಿಡಿ ಬಟಾಣಿ, ಎರಡು ಆಲೂಗಡ್ಡೆ, ಅರ್ಧ ಈರುಳ್ಳಿ. ಹಿಟ್ಟು ಎರಡು ಕೆಜಿ. ಉಪ್ಪು.

ಫೆಬ್ರವರಿ 15, ಭಾನುವಾರ

ಡಿಪೋ ರಜೆ. ಮನೆಯಲ್ಲೇ ಇದ್ದ. ಈಗ ಬಚ್ಚಲಿಗೆ ಹೋಗಿದ್ದಾನೆ, ಅಷ್ಟರಲ್ಲಿ ಈ ಎರಡು ಸಾಲು. ಬಟಾಣಿ, ಆಲೂಗಡ್ಡೆ ಮುಗಿದವು. ಊಟ ಮಾಡಿ ನನ್ನ ಎಡಗೈ ಹಿಡಿದುಕೊಂಡ, ಬೆರಳು ಒಂದೊಂದಾಗಿ ಸವರಿದ. “ನಾಳೆ ತೆಳ್ಳಗೆ ಬಂದ್ರೆ ಈ ಕೈನೂ ಹೋಗುತ್ತೆ. ಆಮೇಲೆ ಆ ಕಟುಕನ ಮನೆ ಬಾಗಿಲಿಗೆ ಹೋಗಿ ಕಾಲಲ್ಲಿ ಅಡುಗೆ ಮಾಡು” ಅಂದ. ಪ್ರೀತಿಯಿಂದ ಹೇಳಿದ ಹಾಗಿತ್ತು.

ಫೆಬ್ರವರಿ 16, ಸೋಮವಾರ. ಮಧ್ಯಾಹ್ನ 12

ದೊಡ್ಡ ಪಾತ್ರೆ ಇಟ್ಟಿದ್ದೇನೆ. ಅರ್ಧ ನೀರು, ಹಿಟ್ಟು, ಉಪ್ಪು. ಬೇರೇನಿಲ್ಲ. ಎಡಗೈಯಲ್ಲೇ ತಿರುವುತ್ತಿದ್ದೇನೆ. ಗುಳ್ಳೆ ಎದ್ದು ಪಟ್ ಅಂತ ಒಡೆಯುತ್ತೆ, ಸಿಡಿದದ್ದು ಗೋಡೆಗೆ ಅಂಟಿ ಅಲ್ಲೇ ಕೂರುತ್ತೆ. ಜಾರುವುದಿಲ್ಲ.

ಮೂರಕ್ಕೆ ಕೂರುತ್ತಾನೆ. ಬಡಿಸುವಾಗ ನಾನು ಹಿಂದೆ ನಿಂತಿರುತ್ತೇನೆ. ಒಂದು ಕೈಯಲ್ಲಿ ಪಾತ್ರೆ ಎತ್ತಲು ಆಗುತ್ತಾ ಅಂತ ಎರಡು ಸಲ ನೋಡಿದೆ. ಆಗುತ್ತೆ.

1:30

ಅತ್ತೆ ಬಂದು ಪಾತ್ರೆ ನೋಡಿದರು. ಮಾತು ಬಿಟ್ಟು ನಾಲ್ಕು ದಿನವಾಗಿತ್ತು.

“ಏನಿದು?”

“ಅಡುಗೆ.”

“ಅಡುಗೆ ಅಲ್ಲ ಇದು.” ಕಟ್ಟು ಬಿಚ್ಚಿದ ನನ್ನ ತೋಳಿನ ಮೂರು ಗುರುತು ನೋಡಿದರು. ಪಾತ್ರೆ ನೋಡಿದರು. “ಮುಖಕ್ಕಾ?”

“ಹೂಂ.”

ಬೈಯುತ್ತಾರೆ ಅಂದುಕೊಂಡೆ. ಅವರ ಮಗ. ಒಲೆ ಆರಿಸುತ್ತಾರೆ ಅಂದುಕೊಂಡೆ, ಆರಿಸಲಿಲ್ಲ. “ನಿಂಗೆ ಇಪ್ಪತ್ತಾರು ವರ್ಷ. ಜೈಲಲ್ಲಿ ಮುದುಕಿ ಆಗ್ತೀಯ” ಅಂದರು. ಆಮೇಲೆ ಕಿಟಕಿ ಚಿಲಕ ತೆಗೆದು ಎರಡೂ ಬಾಗಿಲು ದೂಡಿದರು. ಎದುರಿನ ಅಂಗಡಿಯ ಕಟಕ್ ಕಟಕ್ ನೇರ ಒಳಗೆ ಬಂತು.

“ಗಟ್ಟಿ” ಅಂದರು.

ನಾನು ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದೆ.

“ಹಿಟ್ಟಲ್ಲ ಕಣೇ ಹುಚ್ಚಿ! ಬಾಯಿ. ಕೂಗು. ಗಟ್ಟಿಯಾಗಿ ಕೂಗು.”

ಬಾಯಿ ತೆಗೆದರೆ ಗಾಳಿ ಮಾತ್ರ ಬಂತು. ನಾಲ್ಕು ವರ್ಷ ಬಟ್ಟೆ ತುರುಕಿದ ಗಂಟಲು. ಏನಂತ ಕೂಗಬೇಕು? ಮೂಳೆಯಣ್ಣನ ನಿಜವಾದ ಹೆಸರೂ ಗೊತ್ತಿಲ್ಲ.

“ಅಣ್ಣಾ” ಅಂದೆ. ಬೆಕ್ಕಿನ ಮರಿಯ ಹಾಗೆ.

“ನಂಗೇ ಕೇಳಿಸಲಿಲ್ಲ. ಗಟ್ಟಿ!”

“ಅಣ್ಣಾ! ನಮ್ಮನೇಲಿ ನಾಯಿ ಇಲ್ಲ! ನಾಯಿ ಇಲ್ಲ ಅಣ್ಣಾ ನಮ್ಮನೇಲಿ!”

ಕಟಕ್ ಕಟಕ್ ನಿಂತಿತು.

1:50

ಮೆಟ್ಟಿಲ ತುಂಬ ಜನ. ಬಾಗಿಲಿಗೆ ಏಟು ಬೀಳುತ್ತಿದೆ, ಕತ್ತಿಯ ಹಿಂಬದಿಯಿಂದ. ಬೀಗ ಹಠಮಾರಿ. ಈ ಮನೆಯಲ್ಲಿ ಏಟಿನ ಸದ್ದು ಕೇಳಿ ಸಂತೋಷವಾಗಿದ್ದು ಇದೇ ಮೊದಲು. ಅತ್ತೆ ಬಾಗಿಲ ಬಳಿ ಇದ್ದಾರೆ, ಇಷ್ಟು ಗೀಚಿ ಪುಸ್ತಕ ಮತ್ತೆ ಹಿಟ್ಟಿನ ಡಬ್ಬಕ್ಕೆ ಹಾಕುತ್ತೇನೆ.

2:35. ಮೂಳೆಯಣ್ಣನ ಅಂಗಡಿ

ಹಿಂದಿನ ಕೋಣೆ. ಮೂಟೆಯ ಮೇಲೆ ಕೂರಿಸಿದ್ದಾರೆ. ಯಾರೋ ನೀರು ಕೊಟ್ಟರು. ಪೊಲೀಸಿಗೆ ಫೋನ್ ಹೋಗಿದೆಯಂತೆ.

ಬೀಗ ಕಿತ್ತು ಬಂದಾಗ ಮೂಳೆಯಣ್ಣ ಬಾಗಿಲಲ್ಲಿ ಏದುಸಿರು ಬಿಡುತ್ತಾ ನಿಂತಿದ್ದ. “ಬನ್ನಿ ತಂಗಿ ಬೇಗ. ನಾಯಿ ಬರೋ ಹೊತ್ತಾಯ್ತು” ಅಂದ.

ಅತ್ತೆ ಹಿಟ್ಟಿನ ಡಬ್ಬದಿಂದ ಈ ಪುಸ್ತಕ ತೆಗೆದು ಕೊಟ್ಟರು. ಗೊತ್ತಿತ್ತು ಅವರಿಗೆ! “ನೀವೂ ಬನ್ನಿ” ಅಂದೆ. “ನಿನ್ನ ಬಟ್ಟೆ ಗಂಟು ಕಟ್ಕೊಂಡು ಹಿಂದೇನೇ ಬರ್ತೀನಿ. ನನ್ನ ಮೇಲೆ ಅವನು ಇದುವರೆಗೂ ಕೈ ಎತ್ತಿಲ್ಲ. ನಡಿ.” ಮತ್ತೆ ಕರೆದೆ. ಎಡಗಿವಿ ನನ್ನ ಕಡೆ ತಿರುಗಿಸಿದರು.

ಇನ್ನೂ ಬಂದಿಲ್ಲ. ತೆರೆದ ಬಾಗಿಲಿನಿಂದ ರಸ್ತೆಯಾಚೆಯ ನಮ್ಮ ಅಡುಗೆಮನೆ ಕಿಟಕಿ ಕಾಣುತ್ತೆ. ಮುಚ್ಚಿದ್ದಾರೆ. ಗಾಜಿನ ಮೇಲೆ ಹಬೆ.

ಹಬೆ. ಒಲೆ ಆರಿಸಿಲ್ಲ.

ಅವನು ಹಿಂದಿನ ಓಣಿಯಿಂದ ಬಂದಿದ್ದಾನೆ, ಸೈಕಲ್ಲು ನಮ್ಮ ಮನೆಯ ಪಕ್ಕದ ಗೋಡೆಗೆ ಒರಗಿಸಿದ್ದು ಈಗ ಕಂಡಿತು. ಯಾರೂ ನೋಡಲೇ ಇಲ್ಲ. ಮೂಳೆಯಣ್ಣ ಕತ್ತಿ ಹಿಡಿದು ಓಡಿದ. ಏಳಲು ಹೋದೆ, ದಿನಸಿಯವಳು ಭುಜ ಒತ್ತಿ ಹಿಡಿದಿದ್ದಾಳೆ.

ಕೂಗು ಬಂತು. ಇಡೀ ರಸ್ತೆ ತಿರುಗಿ ನೋಡಿತು.

ಅತ್ತೆಯದಲ್ಲ. ಗಂಡಸಿನದು.

ಇನ್ನೊಂದು. ಈಗ ಕಡಿಮೆ ಕೇಳಿಸುತ್ತಿದೆ, ಏನೋ ಅದನ್ನು ಮುಚ್ಚುತ್ತಿದೆ. ಅಂಗಡಿ ಮುಂದಿನ ಚರಂಡಿಗೆ ಪೈಪಿನಿಂದ ನೀರು ಬೀಳೋಕೆ ಶುರುವಾಯಿತು. ಧೋ ಅಂತ. ಅತ್ತೆ ನಲ್ಲಿ ಪೂರ್ತಿ ತಿರುಗಿಸಿದ್ದಾರೆ.